ಕಾರವಾರಕ್ಕೆ ತಪ್ಪಿದ ರೈಲು

ರೈಲು ಬಂದ ಊರಿಗೆ ಮಾತ್ರ ರೈಲಿನ ಇತಿಹಾಸವಿರುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಾರವಾರದ ಮಟ್ಟಿಗೆ ಇದು ನಿಜವಲ್ಲ. ಇಲ್ಲಿ ನಿಲ್ದಾಣ ಎದ್ದುನಿಲ್ಲುವ ನೂರು ವರ್ಷ ಮೊದಲೇ ಅದರ ನಿರೀಕ್ಷೆ ಹುಟ್ಟಿತ್ತು.

1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ತೊಡಗಿತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತು. ವ್ಯಾಪಾರಿಗಳ ಕಣ್ಣು ಧಾರವಾಡದ ಕಪ್ಪು ನೆಲದ ಮೇಲೆ ಬಿದ್ದಿತು. ಆ ಹತ್ತಿಯನ್ನು ಹಡಗಿಗೇರಿಸಲು ಕಾರವಾರದಂಥ ಬಂದರು ಬೇರೆಲ್ಲಿ? 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಈ ಬಂದರಿನ ಆಸೆಯಿತ್ತು. ಘಟ್ಟದ ರಸ್ತೆಗಳಾದವು, ಕಾರವಾರ–ಹುಬ್ಬಳ್ಳಿ ರೈಲಿನ ಯೋಜನೆಯೂ ಹುಟ್ಟಿತು.

ಆದರೆ 1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ತುಗೀಜರಿಗೂ ಒಪ್ಪಂದವಾಗಿ, ರೈಲಿನ ಭಾಗ್ಯ ಗೋವೆಯ ಮುರಗಾಂವ ಬಂದರಿಗೆ ಒಲಿಯಿತು. ಆ ಮಾರ್ಗ 1888ರ ವೇಳೆಗೆ ಪೂರ್ಣಗೊಂಡಿತು. ವಿಧಿಯ ವಿನೋದವೆಂದರೆ, ಅದರ ಗಡಿ ನಿಲ್ದಾಣ ಕ್ಯಾಸಲ್‌ರಾಕ್ ನಮ್ಮ ಜಿಲ್ಲೆಯಲ್ಲೇ, ಇಂದಿನ ಜೋಯಿಡಾ ತಾಲೂಕಿನ ಕಾಡಿನಲ್ಲಿ ಇದೆ. ಕಡಲತೀರದ ಜಿಲ್ಲಾ ಕೇಂದ್ರಕ್ಕೆ ದೊರೆಯದ ರೈಲು ಕಾಡಿನ ಮೂಲೆಗೆ ದೊರೆಯಿತು!

ಕ್ಯಾಸಲ್‌ರಾಕ್ ಬರಿಯ ನಿಲ್ದಾಣವಾಗಿರಲಿಲ್ಲ. ಎರಡು ಸಾಮ್ರಾಜ್ಯಗಳ ಹೊಸ್ತಿಲಾಗಿತ್ತು. ಇತ್ತ ಬ್ರಿಟಿಷರ ಸುಂಕದ ಕಟ್ಟೆ, ಅತ್ತ ಘಟ್ಟದ ಬುಡದ ಕುಳೆಯಲ್ಲಿ ಪೋರ್ತುಗೀಜರದು. ಇವೆರಡರ ನಡುವೆ ದೂಧಸಾಗರದ ಮಗ್ಗುಲಲ್ಲಿ ಹಾಯುವ ಹಳಿಯ ಏರು 37ಕ್ಕೆ 1. ಗಾಡಿಯನ್ನು ಮೇಲಕ್ಕೇರಿಸಲು ಹೆಚ್ಚಿನ ಇಂಜಿನುಗಳ ನೆರವು ಬೇಕು. 1961ರಲ್ಲಿ ಗೋವೆ ವಿಮೋಚನೆಗೊಂಡ ಮೇಲೆ ಆ ಗಡಿಯ ಅರ್ಥವೇ ಅಳಿಯಿತು.

ಇತ್ತ ಕಾರವಾರಕ್ಕೆ ಕಡಲೇ ಹೆದ್ದಾರಿಯಾಗಿ ಉಳಿಯಿತು. 1883ರಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತಂಗಿದ್ದ ರವೀಂದ್ರನಾಥರು ಮರಳಿದ್ದು ಹಡಗಿನಲ್ಲಿ. ತಮ್ಮ 'ಪ್ರಕೃತಿರ್ ಪ್ರತಿಶೋಧ' ನಾಟಕದ ಕೆಲವು ಹಾಡುಗಳನ್ನು ಅವರು ಕಟ್ಟಿದ್ದು ಆ ಪಯಣದಲ್ಲಿಯೇ. ಅವರಿಗಾದ ಲಾಭ ನಮಗೆ ಆಗಲಿಲ್ಲ. ಅಂಕೋಲೆಯ ಕಡೆಯವರು ರೈಲು ಹಿಡಿಯಬೇಕಾದರೆ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕು. ನನ್ನ ವಿದ್ಯಾರ್ಥಿದೆಸೆಯ ದಿನಗಳಲ್ಲಿಯೂ ಇದೇ ಪಾಡು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಘಟ್ಟ ಹತ್ತಿದವರ ಪೈಕಿ ನಾನೂ ಒಬ್ಬ.

ಕೊನೆಗೆ ರೈಲು ಬಂದಿತು, ಆದರೆ ಹುಬ್ಬಳ್ಳಿಯಿಂದಲ್ಲ. 1990ರಲ್ಲಿ ಸ್ಥಾಪಿತವಾದ ಕೊಂಕಣ ರೈಲ್ವೆ ನಿಗಮದ ಮಾರ್ಗ 1998ರ ಜನವರಿ 26ರಂದು ದೇಶಕ್ಕೆ ಸಮರ್ಪಿತವಾಯಿತು. ಹಳೆಯ ನಿಲ್ದಾಣಗಳು ಪೇಟೆಯನ್ನು ಹುಡುಕಿಕೊಂಡು ಹೋಗುತ್ತಿದ್ದವು. ಕೊಂಕಣ ರೈಲ್ವೆಯ ನಿಲ್ದಾಣಗಳು ಹಳಿಯ ಮಾತು ಕೇಳುತ್ತವೆ. ಏರು 150ಕ್ಕೆ 1ನ್ನು ಮೀರಬಾರದು, ತಿರುವಿನ ತ್ರಿಜ್ಯ 1250 ಮೀಟರಿಗೆ ಕಡಿಮೆಯಾಗಬಾರದು ಎಂಬ ನಿಯಮಕ್ಕೆ ಬದ್ಧವಾದ ಹಳಿ ಕಾಳಿಯನ್ನು ಸೇತುವೆಯಿಂದ, ಗುಡ್ಡವನ್ನು ಸುರಂಗದಿಂದ ದಾಟಿತು. ಆದ್ದರಿಂದಲೇ ಕಾರವಾರದ ನಿಲ್ದಾಣ ಊರ ಹೊರಗೆ, ಶಿರವಾಡದಲ್ಲಿದೆ. ಕಡಲ ಸದ್ದು ಅಲ್ಲಿಗೆ ಮುಟ್ಟದು.

ಹಳೆಯ ಕನಸು ಮಾತ್ರ ಸತ್ತಿಲ್ಲ. 1990ರ ದಶಕದಲ್ಲಿ ಹುಬ್ಬಳ್ಳಿ–ಅಂಕೋಲಾ ಮಾರ್ಗವಾಗಿ ಅದು ಮರುಜನ್ಮ ಪಡೆಯಿತು. ಅಂದು ಹತ್ತಿಗಾಗಿ ಬೇಡಿದ ದಾರಿಯನ್ನು ಈ ಸಲ ಮುಖ್ಯವಾಗಿ ಅದಿರಿಗಾಗಿ ಬೇಡಲಾಯಿತು. ಸಹ್ಯಾದ್ರಿಯ ಕಾಡು ಅಡ್ಡ ನಿಂತಿತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ರೈಲು ತಪ್ಪಿದ ಊರಿನ ನೋವು ನನಗೆ ಗೊತ್ತು. ಆದರೆ ನಮ್ಮ ನದಿಗಳು ಹರಿಯುವುದು ಆ ಕಾಡಿನ ನೆರಳಿನಲ್ಲಿ. ತಪ್ಪಿಹೋದ ರೈಲಿಗಾಗಿ ಒಂದೂಕಾಲು ಶತಮಾನ ಕಾಯಬಹುದೆಂದು ಕಾರವಾರ ತೋರಿಸಿಕೊಟ್ಟಿದೆ. ಬತ್ತಿದ ಹೊಳೆಗಾಗಿ ಹಾಗೆ ಕಾಯಬಲ್ಲ ಊರು ಯಾವುದು?