ಹೊಸ ಮಾನಿಟರ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್? ಪಿಕ್ಸೆಲ್‌ನಿಂದ ಗೃಹಜ್ಯೋತಿವರೆಗೆ ಒಂದು ಲೆಕ್ಕ

ತೆರಕಣಾಂಬಿಯಲ್ಲಿ ಕೂತು ಕಂಪ್ಯೂಟರ್ ಕಟ್ಟುವವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ದೂರ. ಗುಂಡ್ಲುಪೇಟೆ ದಾಟಿ ಮೈಸೂರಿಗೆ ಹೋಗಬೇಕು, ಇಲ್ಲಾ ಆನ್‌ಲೈನ್‌ನಲ್ಲಿ ತರಿಸಬೇಕು. ತಪ್ಪು ಕಾರ್ಡ್ ಬಂದರೆ ವಾಪಸ್ ಕಳಿಸೋದು ಇನ್ನೊಂದು ತಲೆನೋವು. ಹಾಗಾಗಿ ದುಡ್ಡು ಕೊಡುವ ಮೊದಲೇ ಲೆಕ್ಕ ಹಾಕಬೇಕು. ಎಲ್ಲರಿಗೂ ಒಪ್ಪುವ 'ಬೆಸ್ಟ್ ಕಾರ್ಡ್' ಅನ್ನೋದು ಇಲ್ಲ. ನಿಮ್ಮ ಮಾನಿಟರ್‌ಗೆ, ನಿಮ್ಮ ಪವರ್ ಸಪ್ಲೈಗೆ, ನಿಮ್ಮ ಮನೆಯ ಕರೆಂಟ್ ಬಿಲ್‌ಗೆ ಹೊಂದುವ ಕಾರ್ಡ್ ಇದೆ, ಅಷ್ಟೆ.

ಮೊದಲು ಪಿಕ್ಸೆಲ್ ಎಣಿಸಿ

ಫುಲ್ ಎಚ್‌ಡಿ (1920×1080) ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. 1440ಪಿ (2560×1440) ಪರದೆಯಲ್ಲಿ 36.9 ಲಕ್ಷ. 4ಕೆ (3840×2160) ಅಂದರೆ 82.9 ಲಕ್ಷ, ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಪ್ರತಿ ಫ್ರೇಮಿಗೂ ಇಷ್ಟೂ ಪಿಕ್ಸೆಲ್‌ಗಳ ಬಣ್ಣ ಲೆಕ್ಕ ಹಾಕೋದು ಕಾರ್ಡ್‌ನ ಕೆಲಸ. ಇದರ ಮೇಲೆ ರಿಫ್ರೆಶ್ ರೇಟ್ ಬೇರೆ. 60 ಹರ್ಟ್ಜ್ ಮಾನಿಟರ್‌ನಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್ ಸಿಗುತ್ತದೆ, 144 ಹರ್ಟ್ಜ್‌ನಲ್ಲಿ ಬರೀ 6.9.

ಈ ವೇಗಕ್ಕೆ ಪ್ರೊಸೆಸರ್ ಕೂಡ ಸಾಥ್ ಕೊಡಬೇಕು. ಪರೀಕ್ಷೆ ಸುಲಭ: ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್ ರೇಟ್ ಏರಿದರೆ ನಿಮ್ಮ ಕಾರ್ಡೇ ಸಾಲುತ್ತಿಲ್ಲ ಎಂದರ್ಥ. ಏರದಿದ್ದರೆ ಅಡ್ಡಿ ಬಹುಪಾಲು ಪ್ರೊಸೆಸರ್‌ನದು. ಎಷ್ಟು ದುಬಾರಿ ಕಾರ್ಡ್ ಹಾಕಿದರೂ ಪ್ರಯೋಜನ ಕಡಿಮೆ. ಇನ್ನು ಕೋಡಿಂಗ್, ಸಿನಿಮಾ, ಆನ್‌ಲೈನ್ ಕ್ಲಾಸ್ ಮಾತ್ರ ಅಂದರೆ ಈಚಿನ ಪ್ರೊಸೆಸರ್‌ಗಳೊಳಗಿನ ಗ್ರಾಫಿಕ್ಸೇ ಸಾಕು.

ಮೆಮೊರಿ ನೋಡದೆ ಕೊಳ್ಳಬೇಡಿ

ಹೊಸ ಗೇಮ್‌ಗಳಿಗೆ ಫುಲ್ ಎಚ್‌ಡಿಯಲ್ಲಿ 8 ಜಿಬಿ, 1440ಪಿಯಲ್ಲಿ 12 ಜಿಬಿ, 4ಕೆಯಲ್ಲಿ 16 ಜಿಬಿ ಮೆಮೊರಿ ಅನ್ನೋದು ಅಂದಾಜು ಅಳತೆ. ಇಲ್ಲೊಂದು ಬಲೆ ಇದೆ. 2025ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 16 ಜಿಬಿ ಆವೃತ್ತಿಗಳಲ್ಲಿ ಮಾರಾಟವಾಗುತ್ತವೆ. 1440ಪಿ ಮಾನಿಟರ್ ಇರುವವರು ಬಾಕ್ಸ್ ಮೇಲಿನ ಸಂಖ್ಯೆ ಓದಿಯೇ ದುಡ್ಡು ಕೊಡಿ.

ಕೇಬಲ್ ವಿಷಯವೂ ಹೀಗೇ. ಎಚ್‌ಡಿಎಂಐ 2.0ರಲ್ಲಿ 4ಕೆ ಚಿತ್ರ 60 ಹರ್ಟ್ಜ್‌ಗೆ ನಿಲ್ಲುತ್ತದೆ. 120 ಬೇಕಾದರೆ ಎಚ್‌ಡಿಎಂಐ 2.1 ಅಥವಾ ಡಿಸ್‌ಪ್ಲೇಪೋರ್ಟ್ 1.4 ಬೇಕು, ಕಾರ್ಡ್‌ನಲ್ಲೂ ಮಾನಿಟರ್‌ನಲ್ಲೂ. ಕೇಬಲ್ ಹಾಕಿದ ಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ ಬದಲಿಸೋದು ಮರೆಯಬೇಡಿ. 144 ಹರ್ಟ್ಜ್ ಮಾನಿಟರ್ ತಂದು 60ರಲ್ಲೇ ಓಡಿಸುವವರು ಕಡಿಮೆಯೇನಿಲ್ಲ.

ಜಿಎಸ್‌ಟಿ ಹೆಸರಿನ ಆಫರ್

32 ಇಂಚಿಗಿಂತ ದೊಡ್ಡ ಮಾನಿಟರ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಆದರೆ 32 ಇಂಚಿನವರೆಗಿನ ಮಾನಿಟರ್‌ಗಳಿಗೆ 2019ರಿಂದಲೇ ಶೇ 18 ಇತ್ತು. ಅಂದರೆ 24 ಅಥವಾ 27 ಇಂಚಿನ ಮಾನಿಟರ್‌ಗೆ 'ಜಿಎಸ್‌ಟಿ ಇಳಿಕೆ' ಅಂತ ಯಾರಾದರೂ ಆಫರ್ ಕೊಟ್ಟರೆ ಅದು ಅಂಗಡಿಯವರ ರಿಯಾಯಿತಿ, ಸರ್ಕಾರದ್ದಲ್ಲ.

ವ್ಯಾಟ್ ಲೆಕ್ಕವೇ ನಿಜವಾದ ಲೆಕ್ಕ

ಮದರ್‌ಬೋರ್ಡ್‌ನ ಸ್ಲಾಟ್ 75 ವ್ಯಾಟ್ ಮಾತ್ರ ಕೊಡುತ್ತದೆ. ಅದಕ್ಕಿಂತ ಹೆಚ್ಚು ಎಳೆಯುವ ಕಾರ್ಡ್‌ಗೆ ಪವರ್ ಸಪ್ಲೈನಿಂದ ಪ್ರತ್ಯೇಕ ವೈರ್ ಬೇಕು. ಆರ್‌ಟಿಎಕ್ಸ್ 4060 ಎಳೆಯುವುದು 115 ವ್ಯಾಟ್, ಆರ್‌ಟಿಎಕ್ಸ್ 5070 250 ವ್ಯಾಟ್. 5070ಗೆ 650 ವ್ಯಾಟ್‌ನ ಪವರ್ ಸಪ್ಲೈ ಇರಲಿ ಅಂತ ಕಂಪನಿಯೇ ಹೇಳುತ್ತದೆ. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಆಗಲ್ಲ, ಆದರೆ ಮಾಮೂಲಿ 600 ವಿಎ ಯುಪಿಎಸ್ ಹೊರುವುದು 360 ವ್ಯಾಟ್‌ನಷ್ಟು. 5070, ಪ್ರೊಸೆಸರ್, ಮಾನಿಟರ್ ಮೂರೂ ಸೇರಿದರೆ ಅದು ಕೈಕೊಡುವ ಸಾಧ್ಯತೆಯೇ ಹೆಚ್ಚು.

ಈಗ ಗೃಹಜ್ಯೋತಿ. ಉಚಿತ 200 ಯೂನಿಟ್ ಅಂತ ಎಲ್ಲರೂ ಅಂದರೂ ನಿಮ್ಮ ಪಾಲು ಅಷ್ಟಿರಬೇಕೆಂದಿಲ್ಲ. 2022-23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟೇ ನಿಮ್ಮ ಪಾಲು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಸೇರುತ್ತದೆ. ಪಾಲು ಮೀರಿದರೆ ಮೀರಿದ್ದಕ್ಕೆ ಬಿಲ್, 200 ದಾಟಿದರೆ ಪೂರ್ತಿ ಬಿಲ್. ಸರಾಸರಿ 60 ಯೂನಿಟ್ ಇದ್ದ ಮನೆಗೆ ಪಾಲು 66. ಆ ಮನೆಯಲ್ಲಿ 250 ವ್ಯಾಟ್‌ನ ಕಾರ್ಡ್ ದಿನಕ್ಕೆ 4 ಗಂಟೆ ಪೂರ್ತಿ ಓಡಿದರೆ ತಿಂಗಳಿಗೆ ಕಾರ್ಡ್ ಒಂದಕ್ಕೇ 30 ಯೂನಿಟ್. 115 ವ್ಯಾಟ್‌ನದಾದರೆ 14ರ ಒಳಗೆ. ಇಷ್ಟು ದಿನ ಶೂನ್ಯ ಬಿಲ್ ಬರುತ್ತಿದ್ದ ಮನೆಗೆ ಚೆಸ್ಕಾಂ ಬಿಲ್ ಬಂದಾಗ ಉತ್ತರ ಕೊಡಬೇಕಾದವರು ನೀವೇ.

ತಪ್ಪಿಸಿಕೊಳ್ಳೋ ದಾರಿಯೂ ಇದೆ. ಮಾನಿಟರ್ 60 ಹರ್ಟ್ಜ್ ಆಗಿದ್ದರೆ ಗೇಮ್‌ಗೂ 60 ಫ್ರೇಮ್ ಮಿತಿ ಹಾಕಿ; ಪರದೆಯಲ್ಲಿ ಕಾಣದ ಫ್ರೇಮಿಗೆ ಕರೆಂಟ್ ಸುಡುವುದು ನಿಲ್ಲುತ್ತದೆ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ಗಳು ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ಮಾಡಿ ಹಿಗ್ಗಿಸಿ ತೋರಿಸುತ್ತವೆ, ಹೀಗಾಗಿ ಚಿಕ್ಕ ಕಾರ್ಡ್‌ನಲ್ಲೂ 1440ಪಿ ನಡೆಯುತ್ತದೆ.

ಕೊಳ್ಳುವ ಕ್ರಮ ಇಷ್ಟೇ: ಪಿಕ್ಸೆಲ್ ಮತ್ತು ಹರ್ಟ್ಜ್, ಆಮೇಲೆ ಮೆಮೊರಿ, ಪೋರ್ಟ್, ವ್ಯಾಟ್, ಕೊನೆಗೆ ಬೆಲೆ. ಜಾಹೀರಾತು ಇದನ್ನೇ ತಿರುಗುಮುರುಗು ಹೇಳುತ್ತದೆ. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ಗೆ 4ಕೆ ಕಾರ್ಡ್ ಮಾರಿಹೋಗುವುದು ಹಾಗೆಯೇ.