ಕಾಡುಬಸಳೆ

ಕಾಡುಬಸಳೆ: ಕ್ರಾಸುಲೇಸಿ ಕುಟುಂಬಕ್ಕೆ ಸೇರಿದ, ರಸಭರಿತವಾದ ದಪ್ಪ ಎಲೆಗಳ ಅಲಂಕಾರ ಸಸ್ಯ. ಶಾಸ್ತ್ರೀಯ ನಾಮ ಕಲಾಂಕೊಯಿ ಪಿನ್ನೇಟ, ಸಂಸ್ಕೃತದಲ್ಲಿ ಪರ್ಣಬೀಜ. ಹೆಸರು ಹೀಗಿದ್ದರೂ ಇದು ನಮ್ಮ ಕಾಡಿನದಲ್ಲ, ಅಡುಗೆಯ ಬಸಳೆಗೆ ನೆಂಟನೂ ಅಲ್ಲ. ಇದರ ತವರು ಮಡಗಾಸ್ಕರ್ ದ್ವೀಪವಾದ್ದರಿಂದ, 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಗುಡಿಯ ಭಿತ್ತಿಗಳಲ್ಲಿ ಅಷ್ಟೊಂದು ಲತೆಗಳನ್ನು ಕಡೆದ ಶಿಲ್ಪಿಗಳು ಈ ಎಲೆಯನ್ನು ಕಂಡಿರಲಾರರು.

ಮೈಸೂರು ಸೀಮೆಯ ಸರ್ವೇಕ್ಷಣೆಯಲ್ಲಿ ದುಡಿದಿದ್ದ ಸಸ್ಯತಜ್ಞ ಬೆಂಜಮಿನ್ ಹೇಯ್ನ್ ಎಂಬಾತನು, ಇದೇ ಎಲೆ ಬೆಳಿಗ್ಗೆ ಹುಳಿಯಾಗಿಯೂ ನಡುಹಗಲಿನಲ್ಲಿ ಸಪ್ಪೆಯಾಗಿಯೂ ಸಂಜೆ ತುಸು ಕಹಿಯಾಗಿಯೂ ಇರುವುದನ್ನು ನಾಲಗೆಯಿಂದಲೇ ಪರೀಕ್ಷಿಸಿ 1813ರಲ್ಲಿ ಪತ್ರಮುಖೇನ ತಿಳಿಸಿದನು. ಬಿಸಿಲಿನಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ಅವನ್ನು ತೆರೆದು, ಹೀರಿದ ಇಂಗಾಲಾಮ್ಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಹಗಲಿನಲ್ಲಿ ವ್ಯಯಿಸುವ ಈ ಗಿಡದ ಮಿತವ್ಯಯವೇ ಆ ರುಚಿಭೇದಕ್ಕೆ ಕಾರಣ. ನೀರೆರೆಯುವವನು ಅರಿಯಬೇಕಾದ ಮರ್ಮವೂ ಇದೇ. ಬಾಯಾರಿಕೆಯಿಂದ ಸತ್ತ ಕಾಡುಬಸಳೆ ಅಪರೂಪ, ಯಜಮಾನನ ಅಕ್ಕರೆಯಿಂದ ಬೇರು ಕೊಳೆತು ಸತ್ತದ್ದು ಬೇಕಾದಷ್ಟು.

ತೆಂಗಿನ ಸೀಮೆಯಾದ ಅರಸೀಕೆರೆಯ ಒಣಹವೆಯಲ್ಲಿ, ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಎಲೆಗೊಬ್ಬರ ಬೆರೆಸಿ, ತಳದ ತೂತಿನ ಮೇಲೆ ಹೆಂಚಿನ ಚೂರು ಹರವಿದ ಕುಂಡದಲ್ಲಿ ಇದು ನಿರಾಯಾಸವಾಗಿ ಬೆಳೆಯುತ್ತದೆ. ಅಲ್ಲಿ ಧಾರಾಳವಾಗಿ ಸಿಗುವ ತೆಂಗಿನ ನಾರಿನ ಪುಡಿ ನೀರನ್ನು ಹಿಡಿದಿಡುವುದರಿಂದ ಅದನ್ನು ಹಿತಮಿತವಾಗಿ ಬಳಸತಕ್ಕದ್ದು. ಹಳೇಬೀಡಿನ ಕೆರೆಗೋಡು ಹೊಲಕ್ಕೆ ಸೊಗಸು, ಕುಂಡಕ್ಕೆ ಸಲ್ಲದು. ಮಲೆನಾಡಿನ ಸೆರಗಿನಲ್ಲಿರುವ ಬೇಲೂರಿನಲ್ಲಾದರೋ ಮುಂಗಾರಿನ ಜಡಿ ಹಿಡಿದಾಗ ಕುಂಡವನ್ನು ಸೂರಿನಡಿ ಸರಿಸಿ, ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ಒಣಗಿದೆಯೆಂದು ಖಚಿತವಾದ ಮೇಲೆಯೇ ನೀರು ಹನಿಸಬೇಕು. ಎಳೆಬಿಸಿಲು ಎಲ್ಲೆಡೆಯೂ ಹಿತ. ಹಿಟ್ಟುತಿಗಣೆ ಕಂಡರೆ ಸೋಪಿನ ನೀರದ್ದಿದ ಬಟ್ಟೆಯಿಂದ ಒರೆಸಿದರಾಯಿತು.

ಸಂತಾನವೃದ್ಧಿಗೆ ಬೀಜ ಬೇಕಿಲ್ಲ. ಬಲಿತ ಎಲೆಯೊಂದನ್ನು ಒದ್ದೆ ಮರಳಿನ ಮೇಲಿಟ್ಟರೆ, ಅಂಚಿನ ಕಚ್ಚುಕಚ್ಚಿನಲ್ಲೂ ಮೊದಲು ಬಿಳಿಯ ನೂಲಿನಂಥ ಬೇರು, ಬಳಿಕ ಸಾಸಿವೆ ಮೊಳಕೆಯಷ್ಟು ಪುಟ್ಟ ಎಲೆಜೋಡಿ ತೋರುವುದು. ತಾಯೆಲೆ ಸುಕ್ಕಿ ತೆಳ್ಳಗಾಗುತ್ತಿದ್ದಂತೆ ಮರಿಗಳು ಪುಷ್ಟವಾಗುವುವು. ಎಲೆಯನ್ನು ಪುಸ್ತಕದೊಳಗಿಟ್ಟು ಈ ಪವಾಡವನ್ನು ಕಾಯದ ಶಾಲಾಬಾಲಕರು ವಿರಳ. ಹಗಲು ಕಿರಿದಾಗುವ ಚಳಿಗಾಲದಲ್ಲಿ ಬಲಿತ ಗಿಡ ನೀಳವಾದ ದಂಟೆತ್ತಿ, ಹಸಿರು-ಕೆಂಪು ಬೆರೆತ ಜೋಲುಗಂಟೆಗಳಂಥ ಹೂಗಳನ್ನು ತೂಗಿಬಿಡುತ್ತದೆ.

ಈ ಎಲೆ, ಹೂಗಳಲ್ಲಿ ದನಕರುಗಳ ಹೃದಯಕ್ಕೆ ಮಾರಕವಾದ ವಿಷಾಂಶವುಂಟು. ಕುಂಡವನ್ನು ಕೊಟ್ಟಿಗೆಯ ಬದಿಯಲ್ಲಿ ಇಡಕೂಡದು. ಸವರಿದ ಕೊಂಬೆಗಳನ್ನು ಹುಲ್ಲಿನೊಡನೆ ಎಸೆಯಲೂ ಕೂಡದು.