ಗುರುವಿನ ದುರ್ಬೀನಿಗೆ ಕಂಡ ಜೋಡಿ ನಕ್ಷತ್ರ

ಹಟ್ಟಿ ಎಂದೊಡನೆ ನಮ್ಮ ಮನಸ್ಸು ನೆಲದಾಳದ ಚಿನ್ನದತ್ತ ಹರಿಯುತ್ತದೆ. ಇಲ್ಲಿನ ಎಷ್ಟೋ ಮನೆಗಳ ಅನ್ನ ಬರುವುದು ಭೂಗರ್ಭದಿಂದಲೇ. ಆದರೆ ಮೇ ತಿಂಗಳ ರಾತ್ರಿ 11ರ ಸುಮಾರಿಗೆ ಗಣಿಯ ದೀಪಗಳಿಂದ ದೂರ ಸರಿದು ದಕ್ಷಿಣಕ್ಕೆ ಮುಖಮಾಡಿ ನಿಂತರೆ, ದಿಗಂತದ ಸಮೀಪ ಪ್ರಖರವಾದ ಎರಡು ನಕ್ಷತ್ರಗಳು ಕಾಣುತ್ತವೆ. ಅವುಗಳ ಬಲಕ್ಕೆ ಶಿಲುಬೆಯಾಕಾರದ ತ್ರಿಶಂಕು. ಎರಡರಲ್ಲಿ ಎಡಗಡೆಯದು ಆಲ್ಫಾ ಸೆಂಟಾರಿ. ಅದು ಒಂದಲ್ಲ, ಜೋಡಿಯೆಂದು ಮೊದಲು ಕಂಡವರು ನಮ್ಮ ಧರ್ಮಸಭೆಯ ಒಬ್ಬ ಗುರುಗಳು. ಕಂಡದ್ದು ನಮ್ಮ ದೇಶದ ನೆಲದಿಂದಲೇ.

ನೆರೆಯ ಮುದಗಲ್ಲಿನ ಕ್ರೈಸ್ತ ಸಮುದಾಯ 16ನೆಯ ಶತಮಾನದಷ್ಟು ಹಳೆಯದು. ಅಂದಿನಿಂದ ದಕ್ಷಿಣ ಭಾರತಕ್ಕೆ ಬಂದ ಮಿಷನರಿಗಳಲ್ಲಿ ಕೆಲವರು ಶುಭಸಂದೇಶದೊಡನೆ ವಿಜ್ಞಾನದ ಉಪಕರಣಗಳನ್ನೂ ತಂದರು. ಅಂಥವರಲ್ಲೊಬ್ಬರು ಫ್ರಾನ್ಸ್ ದೇಶದ ಯೇಸುಸಭೆಯ ಗುರು ಫಾದರ್ ಝಾನ್ ರಿಶೋ. ಅವರು 1687ರಲ್ಲಿ ಸಯಾಮಿಗೆ, ಎಂದರೆ ಇಂದಿನ ಥಾಯ್ಲೆಂಡಿಗೆ, ತೆರಳಿದರು. ಮರುವರ್ಷ ಅಲ್ಲಿ ರಾಜ್ಯಕ್ರಾಂತಿಯಾಗಿ ಫ್ರೆಂಚರು ಹೊರದೂಡಲ್ಪಟ್ಟಾಗ ಪಾಂಡಿಚೇರಿಗೆ ಬಂದು ನೆಲೆಸಿದರು.

1689ರ ಡಿಸೆಂಬರಿನಲ್ಲಿ ಆಕಾಶದಲ್ಲಿ ಒಂದು ಧೂಮಕೇತು ಮೂಡಿತು. ಧೂಮಕೇತುವೆಂದರೆ ಅಪಶಕುನವೆಂದು ಜನ ನಡುಗುತ್ತಿದ್ದ ಕಾಲವದು. ರಿಶೋ ಮಾತ್ರ 12 ಅಡಿ ಉದ್ದದ ದೂರದರ್ಶಕವನ್ನು ಅದರತ್ತ ತಿರುಗಿಸಿದರು. ಹಾಗೆ ನೋಡುತ್ತಿರುವಾಗ ಆಲ್ಫಾ ಸೆಂಟಾರಿಯು ಎರಡಾಗಿ ಕಂಡಿತು. ಅವರು ಅದನ್ನು ಬರೆದಿಟ್ಟರು. ಭಾರತದಿಂದ ದೂರದರ್ಶಕದ ಮೂಲಕ ನಡೆದ, ದಾಖಲೆಯುಳ್ಳ ಮೊದಲ ಖಗೋಳ ಶೋಧವೆಂದು ಅದಕ್ಕೆ ಇಂದು ಮನ್ನಣೆಯಿದೆ. 1693ರಲ್ಲಿ ರಿಶೋ ಪಾಂಡಿಚೇರಿಯಲ್ಲಿಯೇ ತೀರಿಕೊಂಡರು. ಆ ಜೋಡಿ ಪರಸ್ಪರ ಸುತ್ತಲು ಸುಮಾರು 80 ವರ್ಷ ಹಿಡಿಯುತ್ತದೆಂದೂ, ನಮ್ಮಿಂದ ಕೇವಲ 4.4 ಜ್ಯೋತಿರ್ವರ್ಷ ದೂರದಲ್ಲಿದೆಯೆಂದೂ ತಿಳಿದದ್ದು ಬಹುಕಾಲದ ನಂತರ.

ಇಂದು ಸಾಧಾರಣ ಕುಟುಂಬವೂ ಈ ಹಾದಿಯಲ್ಲಿ ಹೆಜ್ಜೆಯಿಡಬಹುದು. ಮೊದಲ ಕೆಲವು ತಿಂಗಳು ಬರಿಗಣ್ಣೇ ಸಾಕು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20 ನಿಮಿಷ ಬಿಟ್ಟು, ವಾರಕ್ಕೊಂದು ನಕ್ಷತ್ರಮಂಡಲವನ್ನು ಗುರುತಿಸಿ, ನೋಡಿದ ದಿನಾಂಕ ಮತ್ತು ಹೊತ್ತನ್ನು ಪುಸ್ತಕದಲ್ಲಿ ಬರೆದಿಡಿ. ಬಳಿಕ ಒಂದು ಬೈನಾಕ್ಯುಲರ್ ದೊರೆತರೆ ಚಂದ್ರನ ಕುಳಿಗಳು, ಕೃತ್ತಿಕೆಯ ತಾರಾಗುಚ್ಛ, ಕೈ ಅಲುಗದಂತೆ ಗೋಡೆಗೆ ಆನಿಸಿ ಹಿಡಿದರೆ ಗುರುಗ್ರಹದ ಉಪಗ್ರಹಗಳೂ ಕಂಡಾವು. ಗೆಲಿಲಿಯೋ ಅವುಗಳನ್ನು 1610ರಲ್ಲಿ ಕಂಡದ್ದೂ ಪುಟ್ಟ ದೂರದರ್ಶಕದಿಂದಲೇ. ರಿಶೋ ಕಂಡ ಜೋಡಿಯನ್ನು ಬೇರ್ಪಡಿಸಿ ನೋಡಲು 60 ಮಿಲಿಮೀಟರ್ ಮಸೂರದ ದೂರದರ್ಶಕವೂ, ಗಾಳಿ ಶಾಂತವಾಗಿರುವ ಒಂದು ರಾತ್ರಿಯೂ ಬೇಕು. ಯಾವ ಉಪಕರಣದಿಂದಲೂ ಮಕ್ಕಳು ಸೂರ್ಯನನ್ನು ನೋಡದಂತೆ ಮಾತ್ರ ಎಚ್ಚರವಹಿಸಬೇಕು. ಕ್ಷಣಮಾತ್ರದಲ್ಲಿ ದೃಷ್ಟಿ ಹೋದೀತು.

ನಕ್ಷತ್ರ ಕಂಡು ಹೊರಟ ಮೂಡಣದ ಜ್ಞಾನಿಗಳ ಕಥೆಯನ್ನು ಪ್ರತಿ ಕ್ರಿಸ್ತಜಯಂತಿಯಲ್ಲೂ ಕೇಳುತ್ತೇವೆ. ಆದರೂ ಗ್ರಹಣ ಬಂದರೆ ಬಾಗಿಲು ಮುಚ್ಚುವ, ಗ್ರಹಗತಿಗೆ ಹೆದರುವ ಅಭ್ಯಾಸ ನಮ್ಮ ಮನೆಗಳನ್ನು ಪೂರ್ತಿಯಾಗಿ ಬಿಟ್ಟಿಲ್ಲ. ನೆಲೆ ಕಳೆದುಕೊಂಡು ಬಂದ ರಿಶೋ, ಅಂಜಿಕೆಯ ವಸ್ತುವಾಗಿದ್ದ ಧೂಮಕೇತುವನ್ನು ಸೃಷ್ಟಿಕರ್ತನ ಕೈಕೆಲಸವೆಂಬಂತೆ ಶ್ರದ್ಧೆಯಿಂದ ನೋಡಿದರು. ನಮ್ಮ ಮಕ್ಕಳಿಗೆ ಆ ನೋಟವನ್ನು ಕಲಿಸಲು ದೊಡ್ಡ ಖರ್ಚೇನೂ ಬೇಕಿಲ್ಲ. ಬರುವ ಬೇಸಿಗೆಯ ಒಂದು ಶನಿವಾರ ರಾತ್ರಿ ದೇವಾಲಯದ ಅಂಗಳದ ದೀಪಗಳನ್ನಾರಿಸಿ, ಅವರೊಡನೆ ದಕ್ಷಿಣಕ್ಕೆ ಮುಖಮಾಡಿ ಕುಳಿತರೆ ಆರಂಭಕ್ಕೆ ಅಷ್ಟೇ ಸಾಕು.